ಉಸಿರಾಟದ ವೈರಾಣು ಸೋಂಕಿನ ನಂತರ ನರಮಂಡಲದ ತೊಂದರೆಗಳನ್ನು ಗಮನಿಸುವ ಬಗೆ

ಕೋವಿಡ್, ಇನ್‌ಫ್ಲುಯೆನ್ಜಾದಂತಹ ಸೋಂಕಿನ ಜ್ವರ ಇಳಿದ ಮೇಲೂ ಮರೆವು, ಏಕಾಗ್ರತೆಯ ಕೊರತೆ, ತಲೆನೋವು ಅಥವಾ ವಾಸನೆ ತಿಳಿಯದಿರುವುದು ಕೆಲವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಇದಕ್ಕೆ ವೈರಾಣು ಮಿದುಳನ್ನೇ ಹೊಕ್ಕಿರಬೇಕೆಂದಿಲ್ಲ, ರೋಗನಿರೋಧಕ ವ್ಯವಸ್ಥೆ ಉಂಟುಮಾಡುವ ಉರಿಯೂತವೂ ಕಾರಣವಾಗಬಹುದು.

ಮೊದಲು ತುರ್ತು ಲಕ್ಷಣಗಳನ್ನು ತಿಳಿದಿರಬೇಕು. ಕಾಲಿನಲ್ಲಿ ಆರಂಭವಾಗಿ ದಿನದಿಂದ ದಿನಕ್ಕೆ ಮೇಲೇರುವ ಬಲಹೀನತೆ ಅಥವಾ ಜೋಮು, ರೋಗನಿರೋಧಕ ವ್ಯವಸ್ಥೆ ನರಗಳ ಮೇಲೆಯೇ ದಾಳಿ ಮಾಡುವ ಗಿಲನ್-ಬಾರೆ ಸಿಂಡ್ರೋಮ್‌ನ ಸೂಚನೆಯಾಗಿರಬಹುದು. ಸೋಂಕಿನ ಕೆಲವು ದಿನ ಅಥವಾ ವಾರಗಳ ನಂತರ ಕಾಣಿಸಿಕೊಳ್ಳುವ ಈ ಕಾಯಿಲೆ ಅಪರೂಪವಾದರೂ ಉಸಿರಾಟದ ಸ್ನಾಯುಗಳಿಗೂ ಹಬ್ಬಬಲ್ಲದಾದ್ದರಿಂದ, ನಾಳೆ ನೋಡೋಣವೆಂದು ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಫಿಟ್ಸ್, ಗೊಂದಲ, ಕತ್ತಿನ ಬಿಗಿತದೊಂದಿಗೆ ಬರುವ ತೀವ್ರ ತಲೆನೋವು, ಇವು ಕಂಡರಂತೂ ತಡಮಾಡದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಉಳಿದ ತೊಂದರೆಗಳಿದ್ದರೆ ಯಾವ ಕೆಲಸದ ನಂತರ, ಎಷ್ಟು ಹೊತ್ತಿಗೆ ಆಯಾಸ ಹೆಚ್ಚಿತೆಂಬುದನ್ನು ಬರೆದಿಡಿ. ‘ಯಾಕೋ ಸುಸ್ತು’ ಎನ್ನುವುದಕ್ಕಿಂತ ಅದು ವೈದ್ಯರಿಗೆ ಹೆಚ್ಚು ಉಪಯುಕ್ತ. ಶ್ರಮಪಟ್ಟ ಮರುದಿನ ಲಕ್ಷಣಗಳು ಉಲ್ಬಣಿಸುವವರು ಛಲದಿಂದ ವ್ಯಾಯಾಮ ಹೆಚ್ಚಿಸದೆ, ದಣಿಯುವ ಮುನ್ನವೇ ವಿಶ್ರಮಿಸಬೇಕು. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ದೋಷಗಳೂ ಆಯಾಸ, ಮರೆವಿನಂತಹ ಲಕ್ಷಣಗಳನ್ನು ತೋರುವುದರಿಂದ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ವಾಸನೆ ಮರಳಲು ನೆರವಾಗುವಂತೆ ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಪರಿಮಳಗಳನ್ನು ದಿನಕ್ಕೆ 2 ಬಾರಿ, ಒಂದೊಂದನ್ನೂ ಸುಮಾರು 20 ಸೆಕೆಂಡು ಮೂಸುವ ಅಭ್ಯಾಸವನ್ನು ಕನಿಷ್ಠ 12 ವಾರ ಮುಂದುವರಿಸಬೇಕು.