ಕಾದೆ, ಕದ್ದೆ: ಇಟಾಲಿಯನ್ ಕ್ರಿಯಾಪದ ಒಡೆದು ಓದುವ ಬಗೆ

ಇಟಲಿಯಲ್ಲಿ ದೀರ್ಘಾವಧಿ ವಾಸದ ಪರವಾನಗಿಗೆ ಎ2 (ಪ್ರಾಥಮಿಕ) ಮಟ್ಟದ ಇಟಾಲಿಯನ್ ಬೇಕು. ಪೌರತ್ವಕ್ಕೆ 2018ರ ಕೊನೆಯಿಂದ ಅದರ ಮೇಲಿನ ಮಟ್ಟವಾದ ಬಿ1 ಕೇಳುತ್ತಾರೆ. ಅದಕ್ಕೆಂದು ಕ್ರಿಯಾಪದ ಉರು ಹೊಡೆಯುವವರು ಉಚ್ಚಾರಣೆಯನ್ನು ಆಮೇಲೆ ನೋಡೋಣ ಎಂದು ಬಿಡಬೇಡಿ.

ಇಲ್ಲಿ ಕನ್ನಡದ ಕಿವಿ ದೊಡ್ಡ ಆಸ್ತಿ. ಇಟಾಲಿಯನ್‌ನಲ್ಲಿ ‘ಕಾದೆ’ ಎಂದರೆ ಬೀಳುತ್ತಾನೆ, ‘ಕದ್ದೆ’ ಎಂದರೆ ಬಿದ್ದ. ಬಸ್ಸಿಗೆ ಕಾದೆ, ಮಾವಿನಕಾಯಿ ಕದ್ದೆ ಅನ್ನುವಾಗ ಬರುವ ಸದ್ದೇ ಇವು. ‘ಪರ್ಲೆರೇಮೊ’ ಅಂದರೆ ನಾಳೆ ಮಾತಾಡುತ್ತೇವೆ, ‘ಪರ್ಲೆರೆಮ್ಮೊ’ ಅಂದರೆ ಮಾತಾಡಿಯೇವು. ಒಂದು ಒತ್ತಕ್ಷರದಲ್ಲಿ ಅರ್ಥವೇ ಬೇರೆ. ತ, ದ ಕೂಡ ನಮ್ಮವೇ. ಇಂಗ್ಲಿಷಿನ ಅಭ್ಯಾಸದಲ್ಲಿ ಟ, ಡ ಮಾಡಬೇಡಿ.

ಪದವನ್ನು ಉಚ್ಚಾರಣೆಯ ತುಂಡುಗಳಾಗಿ ಒಡೆಯುವಾಗ ಮಾತ್ರ ನಮ್ಮ ಲಿಪಿಯ ದಾರಿ ಬಿಡಬೇಕು. ನಾವು ಬರೆಯುವುದು ಕ-ದ್ದೆ, ಅವರು ಒಡೆಯುವುದು ಕದ್-ದೆ. ಹಾಗೆಯೇ ಪರ್-ಲಾ-ರೆ (ಮಾತಾಡು). ಆದರೆ ‘ಸ’ಕಾರ ಇನ್ನೊಂದು ವ್ಯಂಜನದ ಮುಂದೆ ಬಂದರೆ ಎರಡೂ ಒಟ್ಟಿಗೇ ಹೋಗುತ್ತವೆ: ಕ-ಪಿ-ಸ್ಕೊ (ನನಗೆ ಅರ್ಥವಾಗುತ್ತದೆ). ಅಲ್ಲಿ ನಮ್ಮ ಲಿಪಿಯೂ ಅವರ ನಿಯಮವೂ ಒಂದೇ.

ನಿಜವಾದ ಕಷ್ಟ ಸ್ವರಾಘಾತದ್ದು, ಅಂದರೆ ಪದದಲ್ಲಿ ಯಾವ ಅಕ್ಷರವನ್ನು ಜೋರಾಗಿ ನುಡಿಯಬೇಕು ಎಂಬುದು. ನಾನು ಅದನ್ನು ಪೆಟ್ಟು ಎನ್ನುತ್ತೇನೆ. ಪೆಟ್ಟು ಬಿದ್ದ ಅಕ್ಷರ ಸ್ವರದಲ್ಲಿ ಮುಗಿದರೆ, ಪದದ ಕೊನೆ ಬಿಟ್ಟು, ಸ್ವರ ಎಳೆಯುತ್ತದೆ. ‘ಅಬಿತಾರೆ’ (ವಾಸಿಸು) ಎಂದು ಕಲಿತು, ‘ಅವರು ವಾಸಿಸುತ್ತಾರೆ’ ಎನ್ನಲು ‘ಅಬಿತಾನೊ’ ಅನ್ನುವುದು ನಮ್ಮವರೆಲ್ಲರ ತಪ್ಪು. ನಾನೂ ಒಂದು ವರ್ಷ ಹಾಗೇ ಹೇಳಿದೆ. ಪಕ್ಕದ ಮನೆಯ ಅಜ್ಜಿ ಒಂದು ದಿನ ಅಡುಗೆಮನೆಯ ಮೇಜಿನ ಮೇಲೆ ಬೆರಳು ಬಡಿದರು: ಆ-ಬಿ-ತ-ನೊ. ಮೊದಲ ಬಡಿತ ಜೋರು, ಉಳಿದ ಮೂರು ಹಗುರ. ಅಂದು ಕುಳಿತದ್ದು ಮತ್ತೆ ತಪ್ಪಿಲ್ಲ. ಸೂತ್ರ ಇಷ್ಟೇ: ‘ಅವನು’ ರೂಪದಲ್ಲಿ ಪೆಟ್ಟು ಎಲ್ಲಿದೆಯೋ ‘ಅವರು’ ರೂಪದಲ್ಲೂ ಅಲ್ಲೇ. ಆಬಿತ, ಆಬಿತನೊ, ತೆಲೇಫೊನ, ತೆಲೇಫೊನನೊ. ‘ನಾವು’, ‘ನೀವು’ ರೂಪಗಳಲ್ಲಿ ಅದು ಬಾಲಕ್ಕೆ ಜಾರುತ್ತದೆ: ಅಬಿತ್ಯಾಮೊ, ಅಬಿತಾತೆ.

‘-ಎರೆ’ಯಲ್ಲಿ ಮುಗಿಯುವ ಕ್ರಿಯಾಪದಗಳ ಮೂಲರೂಪದಲ್ಲಿ ಪೆಟ್ಟು ಎಲ್ಲಿ ಎನ್ನಲು ಇಂಥ ಸುಲಭ ಸೂತ್ರವಿಲ್ಲ. ‘ನೋಡು’ ಎಂಬುದು ವೆದೇರೆ, ನಡುವೆ ಪೆಟ್ಟು. ‘ಓದು’ ಎಂಬುದು ಲೆಜ್ಜೆರೆ, ಮೊದಲಲ್ಲೇ ಪೆಟ್ಟು. ಪೆಟ್ಟು ಕೊನೆಯ ಅಕ್ಷರದ ಮೇಲಿದ್ದಾಗಷ್ಟೇ ಗುರುತು ಹಾಕುವುದು ಕಡ್ಡಾಯ, ಹಾಗಾಗಿ ಕಾಗುಣಿತ ನೋಡಿ ಊಹಿಸಲಾಗದು. ನಿಘಂಟು ತೆರೆದು, ನೋಟ್‌ಬುಕ್ಕಿನಲ್ಲಿ ಪ್ರತಿಯೊಂದನ್ನೂ ದೀರ್ಘ, ಒತ್ತು ಸಮೇತ ಕನ್ನಡದಲ್ಲೇ ಬರೆದುಕೊಳ್ಳಿ.