ಬಡ್ಡಿ ಕೂಡುತ್ತಿದೆಯಾ, ಗುಣಿಸುತ್ತಿದೆಯಾ? ಕೋಷ್ಟಕ ಹಾಕಿ ನೋಡಿ

ನಮ್ಮದು ಗಂಗಾವತಿ ಹತ್ತಿರದ ಭತ್ತದ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತು ಅಂದ್ರೆ ನಾಟಿ ಶುರು, ಕೈಸಾಲವೂ ಶುರು. ಅಪ್ಪ ಒಮ್ಮೆ ತಿಂಗಳಿಗೆ ನೂರಕ್ಕೆ ಮೂರರಂತೆ 10,000 ರೂಪಾಯಿ ತಂದಿದ್ದರು. ವರ್ಷಕ್ಕೆ 13,600 ಆಗುತ್ತೆ ಅಂದುಕೊಂಡಿದ್ದೆವು. ಸಾಲ ಕೊಟ್ಟವರು ಕೇಳಿದ್ದು 14,258. ಅವತ್ತು ರಾತ್ರಿ ನೋಟ್‌ಬುಕ್ ತೆಗೆದು ಹೀಗೆ ಬರೆದೆ:

ತಿಂಗಳು | ಅಸಲಿಗೆ ಮಾತ್ರ ಬಡ್ಡಿ | ಬಡ್ಡಿಗೂ ಬಡ್ಡಿ
0 | 10,000 | 10,000
1 | 10,300 | 10,300
2 | 10,600 | 10,609
3 | 10,900 | 10,927

ಮೊದಲು ಪ್ರತಿ ಸಾಲಿನಿಂದ ಅದರ ಮೇಲಿನ ಸಾಲು ಕಳೆಯಿರಿ. ಮೊದಲ ಪಟ್ಟಿಯಲ್ಲಿ ಪ್ರತಿ ಸಲ 300. ವ್ಯತ್ಯಾಸ ಒಂದೇ ಇದ್ದರೆ ಅದು ರೇಖೀಯ ಬದಲಾವಣೆ. ಎರಡನೆಯದರಲ್ಲಿ 300, 309, 318. ಏರುತ್ತಾ ಹೋಗುತ್ತಿದೆ, ಅಲ್ವಾ? ಈಗ ಕಳೆಯುವುದು ಬಿಟ್ಟು ಭಾಗಿಸಿ. 10,609 ಅನ್ನು 10,300ರಿಂದ ಭಾಗಿಸಿದರೆ 1.03. ಉಳಿದ ಸಾಲುಗಳಲ್ಲೂ 1.03. ಹೀಗೆ ಅನುಪಾತ ಒಂದೇ ಇದ್ದರೆ ಘಾತೀಯ ಬದಲಾವಣೆ. ಚಕ್ರಬಡ್ಡಿ ಅನ್ನುವುದು ಇದನ್ನೇ.

ಸಾಲುಗಳ ನಡುವಿನ ಅಂತರ ಸಮ ಇರಲೇಬೇಕು. ತಿಂಗಳು 1, 2, 5 ಅಂತ ಬರೆದರೆ ಎರಡೂ ಪರೀಕ್ಷೆ ತಪ್ಪುತ್ತವೆ.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ. ಮೊದಲ ತಿಂಗಳ ಲೆಕ್ಕ ನೋಡಿ ಸುಮ್ನೆ ತಲೆ ಆಡಿಸಬೇಡಿ. ಅಲ್ಲಿ ಎರಡೂ 10,300. ಎರಡನೇ ತಿಂಗಳಲ್ಲಿ ವ್ಯತ್ಯಾಸ ಬರೀ 9 ರೂಪಾಯಿ. ಕೋಷ್ಟಕವನ್ನು 24ನೇ ತಿಂಗಳವರೆಗೆ ಎಳೆಯಿರಿ: ಒಂದು ಕಡೆ 17,200, ಇನ್ನೊಂದು ಕಡೆ 20,328. ಬಡ್ಡಿಗೂ ಬಡ್ಡಿ ಹಾಕಿದ ಕಡೆ ಸಾಲ ಅಸಲಿನ ದುಪ್ಪಟ್ಟಿಗಿಂತ ಜಾಸ್ತಿ ಆಗಿರುತ್ತೆ.