ಆರು ಶಾಲೆಗಳ ಭಿನ್ನರಾಶಿ ಒಂದಾದ ಬಗೆ: ನನ್ನ ಅನುಭವ

ಬ್ಯಾಡಗಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಶಿಕ್ಷಕ. ನಮ್ಮ ಎಂಟನೆಯ ತರಗತಿಗೆ ಸುತ್ತಲಿನ ಆರು ಹಿರಿಯ ಪ್ರಾಥಮಿಕ ಶಾಲೆಗಳ ಮಕ್ಕಳು ಬರುತ್ತಾರೆ. ಆರೂ ಕಡೆ ಪಠ್ಯಪುಸ್ತಕ ಒಂದೇ. ಕಲಿಕೆಯ ನಡುನಡುವೆ ನಡೆಯುವ ನಾಲ್ಕು ರೂಪಣಾತ್ಮಕ, ಅರ್ಧವರ್ಷದ ಕೊನೆಗೆ ನಡೆಯುವ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳೆಂಬ ಕ್ರಮವೂ ಒಂದೇ. ಆದರೂ ಜೂನ್ ತಿಂಗಳ ಸೇತುಬಂಧ ಪೂರ್ವ ಪರೀಕ್ಷೆಯ (ಹಿಂದಿನ ತರಗತಿಗಳಲ್ಲಿ ಕಲಿತದ್ದು ಎಷ್ಟೆಂದು ವರ್ಷದ ಆರಂಭದಲ್ಲಿ ನೋಡುವ ಪರೀಕ್ಷೆ) ಉತ್ತರಪತ್ರಿಕೆಗಳನ್ನು ತಿದ್ದುವಾಗ, ಹೆಸರು ನೋಡದೆಯೇ ಮಗು ಯಾವ ಊರಿನದೆಂದು ನನಗೆ ತಿಳಿದುಬಿಡುತ್ತಿತ್ತು. 1/2 ಮತ್ತು 1/3ನ್ನು ಕೂಡಿಸಲು ಒಂದು ಊರಿನ ಮಕ್ಕಳು ಛೇದಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ತೆಗೆಯುತ್ತಿದ್ದರು, ಇನ್ನೊಂದು ಊರಿನವರು ಓರೆ ಗುಣಾಕಾರ ಮಾಡುತ್ತಿದ್ದರು, ಮತ್ತೊಂದು ಊರಿನವರು ಅಂಶಕ್ಕೆ ಅಂಶವನ್ನೂ ಛೇದಕ್ಕೆ ಛೇದವನ್ನೂ ಕೂಡಿಸಿ ತಪ್ಪಾಗಿ 2/5 ಎಂದು ಬರೆಯುತ್ತಿದ್ದರು. ಮೂರೂ ಬಗೆಯ ಮಕ್ಕಳ ಪ್ರಗತಿ ಪತ್ರದಲ್ಲಿ ಗಣಿತಕ್ಕೆ ಒಳ್ಳೆಯ ಶ್ರೇಣಿಯೇ ಇರುತ್ತಿತ್ತು. ಎಂಟನೆಯ ತರಗತಿಯಲ್ಲಿ, ಭಿನ್ನರಾಶಿಗಳನ್ನೇ ಮುಂದುವರಿಸುವ ಭಾಗಲಬ್ಧ ಸಂಖ್ಯೆಗಳ ಪಾಠ ಬಂದಾಗ ಮಾತ್ರ ಈ ಅಂತರ ಮಕ್ಕಳನ್ನು ಕಾಡುತ್ತಿತ್ತು, ಮತ್ತು ಅದು ಅವರ ತಪ್ಪಾಗಿರಲಿಲ್ಲ.

ಈ ಸಂಗತಿಯನ್ನು ಸಿ.ಆರ್.ಪಿ.ಯವರ (ಕ್ಲಸ್ಟರ್, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಸಂಪನ್ಮೂಲ ವ್ಯಕ್ತಿ) ಮುಂದಿಟ್ಟಾಗ, ಕ್ಲಸ್ಟರಿನ ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಗಣಿತಕ್ಕೆಂದು ಒಂದು ಗಂಟೆ ಸಿಕ್ಕಿತು. ಮೊದಲ ಸಭೆಯಲ್ಲಿ ನಾನು 2017ರ ಎನ್.ಸಿ.ಇ.ಆರ್.ಟಿ. ಕಲಿಕಾ ಫಲಗಳನ್ನು, ಅಂದರೆ ಯಾವ ತರಗತಿಯ ಮಗು ಏನನ್ನು ಮಾಡಬಲ್ಲದಾಗಿರಬೇಕೆಂಬ ಪಟ್ಟಿಯನ್ನು, ಓದಿದೆ. ನಾಲ್ಕನೆಯ ತರಗತಿಯ ಮಗು ಅರ್ಧ, ಕಾಲು, ಮುಕ್ಕಾಲು ಭಾಗಗಳನ್ನು ಕಾಗದ ಮಡಿಸಿ ಗುರುತಿಸಬೇಕು. ಐದನೆಯದು ಸಮಾನ ಭಿನ್ನರಾಶಿಗಳನ್ನು ಗುರುತಿಸಿ ರಚಿಸಬೇಕು. ಎಲ್ಲರೂ ಒಪ್ಪಿದರು, ಎಲ್ಲರೂ ಟಿಪ್ಪಣಿ ಮಾಡಿಕೊಂಡರು, ಮುಂದಿನ ತಿಂಗಳು ಯಾರ ತರಗತಿಯಲ್ಲಿಯೂ ಏನೂ ಬದಲಾಗಲಿಲ್ಲ. ವಾಕ್ಯವನ್ನು ಒಪ್ಪುವುದು ಬೇರೆ, ಆ ವಾಕ್ಯಕ್ಕೆ ಮಗುವಿನ ನೋಟುಪುಸ್ತಕದಲ್ಲಿ ಯಾವ ರೂಪವಿರಬೇಕೆಂದು ಒಪ್ಪುವುದು ಬೇರೆ ಎಂಬುದು ನನಗೆ ಅರಿವಾದದ್ದು ಆಗ.

ಹಾಗಾಗಿ ಎರಡನೆಯ ಸಭೆಗೆ ಮೊದಲು ಆರೂ ಶಾಲೆಗಳ ಐದನೆಯ ತರಗತಿಗೆ ಒಂದೇ ಪ್ರಶ್ನೆ ಕೊಡಿಸಿದೆವು: 2/3 ಮತ್ತು 4/6 ಸಮವೆಂದು ಚಿತ್ರ ಬರೆದು ತೋರಿಸಿ. ಪ್ರತಿ ಶಾಲೆಯಿಂದ ಮೂರು ಉತ್ತರಗಳನ್ನು ಆರಿಸಿ, ಶಾಲೆಯ ಹೆಸರು ಮುಚ್ಚಿ, ಎಲ್ಲರೂ ಪ್ರತ್ಯೇಕವಾಗಿ ಅಂಕ ಹಾಕಿದೆವು. ಒಂದು ಉತ್ತರದ ಮೇಲೆಯೇ ಮುಕ್ಕಾಲು ಗಂಟೆ ಕಳೆಯಿತು. ಆ ಮಗು ಅಂಶ ಮತ್ತು ಛೇದಗಳನ್ನು 2ರಿಂದ ಗುಣಿಸಿ ಸರಿಯಾಗಿ ಬರೆದಿತ್ತು. ಆದರೆ ಅದು ಬರೆದ ಎರಡು ಆಯತಗಳಲ್ಲಿ ಒಂದು ಚಿಕ್ಕದು, ಇನ್ನೊಂದು ದೊಡ್ಡದು. ಕೆಲವರು ಪೂರ್ಣ ಅಂಕ ಕೊಟ್ಟಿದ್ದರು, ಕೆಲವರು ಅರ್ಧ, ಇಬ್ಬರು ಸೊನ್ನೆ. ‘ಉತ್ತರ ಸರಿ ಐತಿ, ಅಂಕ ಯಾಕ ಕಡಿಮಿ ಮಾಡಬೇಕ್ರಿ?’ ಎಂದು ಒಬ್ಬ ಹಿರಿಯರು ಕೇಳಿದರು. ಅದುವರೆಗೆ ಸುಮ್ಮನಿದ್ದ ಶಿಕ್ಷಕಿಯೊಬ್ಬರು, ‘ಸರ, ನಾಲ್ಕು ಎಕರೆ ಹೊಲದ ಕಾಲು ಭಾಗ, ಒಂದು ಎಕರೆ ಹೊಲದ ಕಾಲು ಭಾಗ ಒಂದ ಆಗತಾವೇನ್ರಿ?’ ಎಂದರು. ವಾದ ಅಲ್ಲಿಗೆ ನಿಂತಿತು. ಹೋಲಿಸುವ ಎರಡು ಭಿನ್ನರಾಶಿಗಳ ಪೂರ್ಣ ಒಂದೇ ಅಳತೆಯದಾಗಿರಬೇಕು, ಚಿತ್ರದಲ್ಲಿ ಅದು ಕಾಣದಿದ್ದರೆ ಕಲಿಕಾ ಫಲ ಈಡೇರಿಲ್ಲ ಎಂದು ಎಲ್ಲರೂ ಸೇರಿ ಬರೆದುಕೊಂಡೆವು. ಆ ಉತ್ತರವನ್ನೂ ಪೂರ್ಣ ಅಂಕ ಪಡೆದ ಇನ್ನೊಂದನ್ನೂ ಜೆರಾಕ್ಸ್ ಮಾಡಿಸಿ ಆರೂ ಶಾಲೆಗಳ ಕಡತದಲ್ಲಿ ಇಟ್ಟೆವು.

ಆ ಶಿಕ್ಷಕಿಯ ಮಾತು ನಮಗೆ ಬೋಧನೆಯ ದಾರಿಯನ್ನೂ ತೋರಿಸಿತು. ನಲವತ್ತು ಗುಂಟೆಗೆ ಒಂದು ಎಕರೆ ಎಂಬುದನ್ನು ರೈತರ ಮಕ್ಕಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹತ್ತು ಗುಂಟೆ ಕಾಲು ಎಕರೆ, ಇಪ್ಪತ್ತು ಗುಂಟೆ ಅರ್ಧ ಎಕರೆ ಎಂದು ತಿಳಿದ ಮಗುವಿಗೆ 20/40, 2/4, 1/2 ಒಂದೇ ಎನ್ನುವುದು ಮನೆಯ ಮಾತು. ನಾಲ್ಕರಿಂದ ಏಳನೆಯ ತರಗತಿಯವರೆಗೆ ಈ ಒಂದೇ ಉದಾಹರಣೆಯನ್ನು ಬೆಳೆಸಿಕೊಂಡು ಹೋಗುವುದೆಂದು, ಓರೆ ಗುಣಾಕಾರವನ್ನು ಲ.ಸಾ.ಅ. ಅರ್ಥವಾದ ಮೇಲೆಯೇ ಹೇಳಿಕೊಡುವುದೆಂದು ತೀರ್ಮಾನಿಸಿದೆವು. ಬಳಸುವ ಪದಗಳನ್ನೂ ಒಂದು ಮಾಡಿಕೊಂಡೆವು: ಎಲ್ಲ ಕಡೆ ಅಂಶ, ಛೇದ, ‘ಮೇಲಿನ ಸಂಖ್ಯೆ, ಕೆಳಗಿನ ಸಂಖ್ಯೆ’ ಎನ್ನುವಂತಿಲ್ಲ.

ವಾರ್ಷಿಕ ಪಾಠ ಹಂಚಿಕೆಯನ್ನು ಹೊಂದಿಸುವುದು ಇನ್ನೂ ಕಷ್ಟವಾಯಿತು. ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ, ಅಂದರೆ ಜನವರಿಯ ನಂತರ, ಹಲವು ಮಕ್ಕಳು ತಾಯಂದಿರ ಜೊತೆ ಹೊಲಕ್ಕೆ ಹೋಗುತ್ತಾರೆ, ಇಲ್ಲವೇ ತಮ್ಮ-ತಂಗಿಯರನ್ನು ನೋಡಿಕೊಂಡು ಮನೆಯಲ್ಲಿ ಉಳಿಯುತ್ತಾರೆ. ಭಿನ್ನರಾಶಿಯ ಘಟಕವನ್ನು ದಸರಾ ರಜೆಗೆ ಮೊದಲೇ ಮುಗಿಸುವಂತೆ ಐದು ಶಾಲೆಗಳು ಒಪ್ಪಿದವು. ಏಳು ತರಗತಿಗಳಿಗೆ ಇಬ್ಬರೇ ಶಿಕ್ಷಕರಿರುವ ಆರನೆಯ ಶಾಲೆಗೆ ಅದು ಸಾಧ್ಯವಾಗಲಿಲ್ಲ, ಅವರನ್ನು ಒತ್ತಾಯಿಸುವುದು ನ್ಯಾಯವೂ ಆಗಿರಲಿಲ್ಲ. ಅಲ್ಲಿಂದ ಬರುವ ಮಕ್ಕಳಿಗೆ ನಾನೇ ಜೂನ್‌ನಲ್ಲಿ ಒಂದು ವಾರ ಹೆಚ್ಚು ಸಮಯ ಕೊಡುತ್ತೇನೆ.

ಈ ವರ್ಷದ ಪೂರ್ವ ಪರೀಕ್ಷೆಯಲ್ಲಿಯೂ 2/5 ಎಂಬ ಉತ್ತರ ಬಂದಿದೆ, ಆದರೆ ಅದು ಒಂದೇ ಊರಿನ ಮಕ್ಕಳಿಂದ ಬಂದದ್ದಲ್ಲ. ಕಳೆದ ತಿಂಗಳು ವರ್ಗಾವಣೆಯಾಗಿ ಬಂದ ಹೊಸ ಶಿಕ್ಷಕರು ಕಡತದಲ್ಲಿದ್ದ ಆ ಎರಡು ಜೆರಾಕ್ಸ್ ಹಾಳೆಗಳನ್ನು ಹಿಡಿದುಕೊಂಡು ಸಭೆಗೆ ಬಂದಿದ್ದರು. ದಶಮಾಂಶಗಳಿಗೂ ಇಂಥ ಹಾಳೆ ಇದೆಯೇ ಎಂದು ಕೇಳಿದರು. ಇರಲಿಲ್ಲ. 1/5ನ್ನು ದಶಮಾಂಶದಲ್ಲಿ ಬರೆಯುವ ಪ್ರಶ್ನೆಯೊಂದನ್ನು ಆರೂ ಶಾಲೆಗಳಿಗೆ ಕಳುಹಿಸಿದ್ದೇವೆ, ಉತ್ತರಗಳು ಮುಂದಿನ ಸಭೆಗೆ ಬರಲಿವೆ.